ಬಾಗಿಲಿನ ಬಲಗಡೆ

ಮಧ್ಯಾಹ್ನ ಕಳೆದರೂ ವುಕಾಶಿನ್ ಮೇಷ್ಟ್ರ ಮನೆಗೆ ಒಂದು ನರಪಿಳ್ಳೆಯೂ ಬರಲಿಲ್ಲ. ಅವತ್ತು ಅವರ ಮನೆದೇವರು ಸಂತ ಲೂಕನ ಹಬ್ಬ. ಈ ಹಬ್ಬಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ. ನೆನಪಿದ್ದವರು ತಾವಾಗಿಯೇ ಬರಬೇಕು. ಮೇಜಿನ ಮೇಲಿನ ಹಬ್ಬದ ಮೇಣದಬತ್ತಿ ಅರ್ಧ ಉರಿದಿತ್ತು. ಎಲೆಕೋಸಿನಲ್ಲಿ ಸುತ್ತಿದ ಮಾಂಸವನ್ನು ಹೆಂಡತಿ ಸ್ಮಿಲ್ಯಾ ಮತ್ತೆ ಬಿಸಿಗಿಟ್ಟಳು.

"ಊರಿಗೆಲ್ಲ ಮರೆವು ಬಡೀತಾ?" ಎಂದರು ಮೇಷ್ಟ್ರು.

"ಮರೆತಿಲ್ಲ, ಅದಕ್ಕೇ ಬಂದಿಲ್ಲ. ನೀನು ಆ ಪುಸ್ತಕ ಬರೀದೆ ಇದ್ದಿದ್ರೆ ಇಷ್ಟೊತ್ತಿಗೆ ಕುರ್ಚಿ ಸಾಲ್ತಿರಲಿಲ್ಲ."

ಪುಸ್ತಕ ಊರಿನ ಭೂಗೋಳ, ಚರಿತ್ರೆಯದು. ಮೊರಾವಾ ನದಿ ಪಾತ್ರ ಬದಲಿಸಿದ್ದು, ಗುಡ್ಡದ ಪ್ಲಮ್ ತೋಟಗಳು, ತುರ್ಕರ ಕಾಲದ ಸಂತೆ, ಇಷ್ಟನ್ನೂ ಊರು ಹಾಡಿ ಹೊಗಳಿತ್ತು. ನದಿಗೂ ಗುಡ್ಡಕ್ಕೂ ಮಾನ ಹೋಗುವ ಭಯವಿಲ್ಲವಲ್ಲ! ಏಳನೇ ಅಧ್ಯಾಯಕ್ಕೆ ಬಂದಾಗ ಎಲ್ಲರ ಹುಬ್ಬು ಗಂಟಿಕ್ಕಿತು. ಯುದ್ಧಕಾಲದಲ್ಲಿ ಜರ್ಮನರು ಊರಿನ ಯಹೂದಿಗಳನ್ನು ಲಾರಿಗೆ ತುಂಬಿ ಒಯ್ದರು, ಯಾರೂ ಹಿಂದಿರುಗಲಿಲ್ಲ, ಅವರ ಮನೆಗಳಿಗೆ ನಾವೇ ನುಗ್ಗಿ ಸೇರಿಕೊಂಡೆವು ಎಂದು ಮೇಷ್ಟ್ರು ಬರೆದಿದ್ದರು. ಯಹೂದಿಗಳು ದೇವರ ವಚನದ ಪುಟ್ಟ ಡಬ್ಬಿಯನ್ನು ಬಾಗಿಲಿನ ಬಲಗಡೆಯ ಚೌಕಟ್ಟಿಗೆ ಬಡಿಯುತ್ತಿದ್ದರು. ಅದು ಕೂತಿದ್ದ ಬೆರಳುದ್ದದ ಗುಳಿ ಈಗಲೂ ಇರುವ ಬಾಗಿಲುಗಳ ಫೋಟೋಗಳನ್ನೂ ಮೇಷ್ಟ್ರು ಹಾಕಿಸಿದ್ದರು.

ಸಂಜೆಗೆ ಎದುರುಮನೆಯ ಸ್ತಾನಿಯಾ ಅಜ್ಜಿ ಕೋಲೂರಿಕೊಂಡು ಬಂದಳು. ಮೇಷ್ಟ್ರು ಎದ್ದು ಕುರ್ಚಿ ಎಳೆದುಕೊಟ್ಟರು. ಬೇಯಿಸಿದ ಸಿಹಿಗೋಧಿಯನ್ನು ತಾವೇ ಮುಂದೆ ಹಿಡಿದರು. ಅಜ್ಜಿ ಶಿಲುಬೆಯ ಗುರುತು ಹಾಕಿಕೊಂಡು ಒಂದು ಚಮಚ ಬಾಯಿಗಿಟ್ಟುಕೊಂಡಳು.

"ಸತ್ಯಕ್ಕೆ ಹೆದರದೋರು ನೀವೊಬ್ರೇ ಅಜ್ಜಿ."

"ನಂಗ್ಯಾಕಪ್ಪ ಹೆದರಿಕೆ? ನಮ್ಮನೆ ನಮ್ಮಪ್ಪ ಇಟ್ಟಿಗೆ ಹೊತ್ತು ಕಟ್ಟಿದ್ದು." ಅಜ್ಜಿ ಸುತ್ತ ಕಣ್ಣಾಡಿಸಿದಳು. "ಈ ಕೋಣೇಲೇ ನಾನೂ ರಖೇಲಾನೂ ಗೊಂಬೆ ಆಡ್ತಿದ್ದಿದ್ದು. ಅವರಮ್ಮ ಆ ಕಿಟಕಿ ಹತ್ರ ಕೂತು ಹೊಲೀತಿದ್ರು."

"ಯಾವ ರಖೇಲಾ? ಇದು ನಮ್ಮ ತಾತ ಕಟ್ಟಿಸಿದ ಮನೆ!"

"ಊರವರ ಬಾಗಿಲೆಲ್ಲ ಸವರಿ ನೋಡಿದ್ಯಲ್ಲ ಮಗಾ, ನಿನ್ನ ಬಾಗಿಲು ಸವರಿದ್ಯಾ?"

ಮೇಷ್ಟ್ರು ಹಬ್ಬದ ರೊಟ್ಟಿಯ ಪಕ್ಕದಲ್ಲಿದ್ದ ಚಾಕು ತೆಗೆದುಕೊಂಡು ಎದ್ದರು. ಸುಳ್ಳೆಂದು ತೋರಿಸಿಯೇ ಬಿಡುವ ಹಟ. ಬಾಗಿಲಿನ ಬಲಗಡೆಯ ಚೌಕಟ್ಟಿನ ಬಿಳಿ ಬಣ್ಣ ಹೆರೆದರು, ಅದರಡಿ ಇನ್ನೊಂದು ಪದರ, ಮತ್ತೊಂದು. ಕೊನೆಗೆ ಮರಕ್ಕೆ ಮೆತ್ತಿದ್ದ ಲಪ್ಪದ ಹೆಂಟೆಯೊಂದು ಕಳಚಿ ಹೊಸ್ತಿಲ ಮೇಲೆ ಬಿತ್ತು. ಬೆರಳುದ್ದದ ಗುಳಿ, ಮೇಲೊಂದು ಕೆಳಗೊಂದು ಮೊಳೆಯ ತೂತು.

ಅವರು ತಿರುಗಿ ನೋಡಿದರು. ಸ್ಮಿಲ್ಯಾಳ ಮುಖದಲ್ಲಿ ಆಶ್ಚರ್ಯವೇ ಇರಲಿಲ್ಲ.

"ನಿಂಗೆ ಗೊತ್ತಿತ್ತಾ?"

"ಮದುವೆಯಾದ ವರ್ಷವೇ ಮಾವ ಹೇಳಿದ್ರು. ಹಬ್ಬ ಬಂದಾಗಲೆಲ್ಲ ನಾನು ಬಾಗಿಲಿಗೆ ಬಣ್ಣ ಬಳೀತಿದ್ದಿದ್ದು ಯಾಕೆ ಅಂದ್ಕೊಂಡೆ ನೀನು? ಚಂದಕ್ಕಾ?"

ಆಗ ಹೊರಗೆ ಗೇಟು ಕಿರುಗುಟ್ಟಿತು. ಮಾಂಸದಂಗಡಿಯ ರಾದೊಯಿತ್ಸಾ ವೈನಿನ ಬಾಟಲಿ ಹಿಡಿದು ಬರುತ್ತಿದ್ದ. ಪುಸ್ತಕದ ಮೊದಲ ಫೋಟೋ ಅವನ ಬಾಗಿಲಿನದೇ. ಹಿಂದೆ ಅವನ ಹೆಂಡತಿ, ಇನ್ನೂ ನಾಲ್ಕು ಜನ.

"ನಿಮ್ಮ ಮೇಲೆ ಸಿಟ್ಟಿದೆ ಮೇಷ್ಟ್ರೇ, ಸಂತನ ಮೇಲೆ ಸಿಟ್ಟು ಮಾಡ್ಕೊಳ್ಳೋಕಾಗುತ್ತಾ!"

"ಬನ್ನಿ, ಬನ್ನಿ," ಎಂದು ಮೇಷ್ಟ್ರು ಬಾಯ್ತುಂಬ ನಕ್ಕರು, ಗುಳಿಯ ಮೇಲೆ ಅಂಗೈಯನ್ನು ಒತ್ತಿ ಹಿಡಿದುಕೊಂಡು.