ಮಗು ಹೇಳಿದ್ದು

ಮಾತು ಬಾರದ ಮಕ್ಕಳ ಮನಸ್ಸನ್ನು ಕೊರಳಿಗೆ ಕಟ್ಟಿದ ಯಂತ್ರದ ಪಟ್ಟಿಗಳೇ ಓದಿ ನುಡಿಯತೊಡಗಿದ ಮೇಲೆ ಧಾರವಾಡದ ಆ ವಿಶೇಷ ಶಾಲೆಯಲ್ಲಿ ಮಾತಿನ ತರಗತಿ ಬಲು ಸರಾಗವಾಗಿ ಸಾಗುತ್ತಿತ್ತು. ಥೆರಪಿಸ್ಟರ ಮೇಲ್ವಿಚಾರಕಿ ಶಾಂಭವಿ ಹಿರೇಮಠರಿಗೆ ಆ ಸರಾಗವೇ ಮೈ ಉರಿಸುತ್ತಿತ್ತು.

ಅಂದು ಅವರು ಪಕ್ಕದಲ್ಲೇ ಕೂತು ನೋಡುತ್ತಿದ್ದಾಗ ಥೆರಪಿಸ್ಟ್ ಮೆಹಜಬೀನ್ ಪಾಠ ಮಾಡುತ್ತಲೇ ಒಂದೇ ಸಮನೆ ಕೆಮ್ಮುತ್ತಿದ್ದಳು. ಎದುರು ಕೂತ ಏಳು ವರ್ಷದ ಭಾಗೀರಥಿಯ ತುಟಿ ಅದುರಿತು.

"ನನಗೆ ನೀರು ಬೇಕು," ಎಂದಿತು ಅವಳ ಕೊರಳಿನ ಪಟ್ಟಿ.

ಮೆಹಜಬೀನ್ ಲೋಟ ತುಂಬಿ ಕೊಟ್ಟಳು. ಹುಡುಗಿ ಕುಡಿಯಲಿಲ್ಲ. ತುಟಿ ಇನ್ನೂ ಅದುರುತ್ತಲೇ ಇತ್ತು.

"ಪಟ್ಟಿ ಬಿಚ್ರಿ," ಎಂದರು ಶಾಂಭವಿ.

"ಮೇಡಂ, ಅಕಿಗೆ ಮಾತು ಬರೂದಿಲ್ರಿ."

"ನಾವು ಕಾಯ್ದರ ಬರ್ತದ. ಸುಮ್ನ ಕೂಡ್ರಿ."

ಪಟ್ಟಿ ಬಿಚ್ಚಿ ಒಂದು ನಿಮಿಷ ಕಳೆಯಿತು. ತಡೆಯಲಾರದೆ ಮೆಹಜಬೀನ್ ತಾನೇ ಹೇಳಿಕೊಡಲು ಬಾಯಿ ತೆರೆದಾಗ ಶಾಂಭವಿ ಅವಳ ಕೈ ಅದುಮಿದರು.

ಭಾಗೀರಥಿ ಎರಡೂ ಕೈಯಲ್ಲಿ ಲೋಟ ಎತ್ತಿ ಮೆಹಜಬೀನಳ ಮುಂದೆ ಹಿಡಿದಳು.

"ನೀ... ಕು...ಡಿ."

ಮೆಹಜಬೀನ್ ಕಣ್ಣೊರೆಸಿಕೊಳ್ಳುತ್ತ ಗಟಗಟನೆ ಕುಡಿದಳು. ಶಾಂಭವಿ ವರದಿಯ ಹಾಳೆ ಎಳೆದುಕೊಂಡರು. 'ಪಟ್ಟಿ ಹೇಳಿದ್ದು' ಎಂಬ ಜಾಗಕ್ಕೆ ಅಡ್ಡಗೆರೆ ಎಳೆದು, ಪಟ್ಟಿಗಳು ಬಂದ ಮೂರು ವರ್ಷದಿಂದ ಖಾಲಿಯೇ ಉಳಿಯುತ್ತಿದ್ದ 'ಮಗು ಹೇಳಿದ್ದು' ಎಂಬಲ್ಲಿ ದಪ್ಪಕ್ಷರದಲ್ಲಿ ಬರೆದರು: ನೀ ಕುಡಿ.