ಕೊಯ್ಲಿನ ಹಿಂದಿನ ದಿನ

ಯುದ್ಧ ಸಾರುವ ದಿನ ಒಂದೆರಡು ಹಿಂದುಮುಂದಾದರೂ ಲೋಕ ಹೇಗೋ ಸುಧಾರಿಸಿಕೊಂಡೀತು. ಪಿನೋ ನ್ವಾರ್ ದ್ರಾಕ್ಷಿ ಕೊಯ್ಯುವ ದಿನ ಮಾತ್ರ ತಪ್ಪಬಾರದು. ಒಂದು ದಿನ ಮುಂಚೆ ಕೊಯ್ದರೆ ವೈನು ಮುಖ ಹಿಂಡುತ್ತದೆ, ಒಂದು ದಿನ ತಡವಾದರೆ ಹಣ್ಣಿನ ಜಾಮ್‌ನ ಹಾಗಾಗುತ್ತದೆ. ಇಂಥ ಘನವಾದ ವಿಷಯದಲ್ಲಿ ಕಳ್ಳನೊಬ್ಬ ಕೈ ಹಾಕಿದ್ದಾನೆಂದು ಮಗಳಿಗೆ ಖಾತ್ರಿಯಾದದ್ದು, ಬೆಳಗಿನ ಆರಕ್ಕೆ, ಪಕ್ಕದ ಶಾರ್ಡನೇ ದ್ರಾಕ್ಷಿಯ ಸಾಲಿನಲ್ಲಿ ಮಂಡಿಯೂರಿ ಕುಳಿತಿದ್ದಾಗ.

"ನೋಡಿ ಅಪ್ಪಾ, ಒಂಬತ್ತು ಗೊಂಚಲು! ಬರೀ ತೊಟ್ಟು ಬಿಟ್ಟು ಹೋಗಿದ್ದಾನೆ."

ಅಪ್ಪ ಕನ್ನಡಕ ಹಾಕಿಕೊಂಡರು. ಬಗ್ಗಿ ನೆಲವನ್ನು ಬಹಳ ಹೊತ್ತು ನೋಡಿದರು. ಆಮೇಲೆ ಒಂದು ಹಣ್ಣು ಬಾಯಿಗೆ ಹಾಕಿ, ಕಣ್ಣು ಮುಚ್ಚಿ, "ಶಾರ್ಡನೇ ನಾಳೆ ಕೊಯ್ಯೋಣ" ಎಂದರು.

ಸುತ್ತಲಿನ ತೋಟದವರೆಲ್ಲ ಅವರನ್ನು 'ನಾಲಿಗೆ' ಎಂದೇ ಕರೆಯುತ್ತಿದ್ದರು. ಮೂವತ್ತು ವರ್ಷದಲ್ಲಿ ಆ ನಾಲಿಗೆ ಒಮ್ಮೆಯೂ ತಪ್ಪಿರಲಿಲ್ಲ. ಅದು ನಾಳೆ ಎಂದರೆ ನೆರೆಯವರೂ ಕತ್ತರಿ ಮಸೆಯುತ್ತಿದ್ದರು.

ಮಗಳು ವೈನಿನ ವಿದ್ಯೆ ಕಲಿತು, ಹಣ್ಣಿನ ಸಕ್ಕರೆ ಅಳೆಯುವ ಕೊಳವೆಯೊಂದಿಗೆ ಆ ವರ್ಷವಷ್ಟೇ ಮನೆಗೆ ಮರಳಿದ್ದಳು. ತೋಟದ ಹಳೆಯ ದಿನಚರಿಗಳನ್ನು ತಿರುವಿ ಹಾಕಿದಳು. ಪ್ರತಿ ವರ್ಷವೂ ಅದೇ ಕಥೆ. ಕಳ್ಳತನ ನಡೆದದ್ದು ಕೊಯ್ಲಿನ ಹಿಂದಿನ ದಿನವೇ, ಹೋದದ್ದು ಕೆಳಗಿನ ಗೊಂಚಲುಗಳೇ.

"ನಿಮ್ಮ ಮನಸ್ಸಲ್ಲಿರೋ ದಿನ ಅವನಿಗೆ ಮೊದಲೇ ಗೊತ್ತಾಗತ್ತೆ. ಅಂದ್ರೆ ಒಳಗಿನವನು. ಮೇಲಿನ ಗೊಂಚಲಿಗೆ ಕೈ ಎಟುಕಲ್ಲ. ಅಂದ್ರೆ ಕುಳ್ಳ."

ತೋಟದಲ್ಲಿ ಸ್ಟೂಲು ಹತ್ತಿ ಕೆಲಸ ಮಾಡುವವನು ಮೇಸ್ತ್ರಿ ಒಬ್ಬನೇ. ಸಂಜೆ ಅಪ್ಪನ ಜೊತೆ ಹರಟೆಗೆ ಕೂರುವವನೂ ಅವನೇ.

"ಒಂಬತ್ತು ಗೊಂಚಲು ತಾನೇ, ಹೋಗಲಿ ಬಿಡಮ್ಮ" ಎಂದರು ಅಪ್ಪ.

"ಹಾಗಾದ್ರೆ ಕೆಳಗಿನ ಗೊಂಚಲೆಲ್ಲ ಮೊದಲೇ ಸವರಿಸಿಬಿಡಿ."

"ಬೇಡ."

"ಒಂದು ನಾಯಿ?"

"ನಾಯಿ ಬೇಡವೇ ಬೇಡ!"

ಮಗಳು ಮೇಸ್ತ್ರಿಯನ್ನು ಕರೆಸಿದಳು. ಇಪ್ಪತ್ತೆರಡು ವರ್ಷದ ಕೆಲಸ ಅವನದು. "ಅಮ್ಮಾವ್ರೇ, ನಾನು ಕುಳ್ಳ ನಿಜ. ಕಳ್ಳ ಅಲ್ಲ" ಎಂದು ಯಜಮಾನರ ಮುಖ ನೋಡಿದ. ಯಜಮಾನರು ತಮ್ಮ ಬೂಟು ನೋಡಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದುಂಟು; ವಿಚಿತ್ರವೆಂದರೆ, ಮುಟ್ಟಿಕೊಂಡವರು ಅಪ್ಪ.

ಸದ್ಯಕ್ಕೆ ಕೆಲಸಕ್ಕೆ ಬರಬೇಡ ಎನ್ನಿಸಿಕೊಂಡು ಮೇಸ್ತ್ರಿ ಮನೆಗೆ ಹೋದ. ಚಿಕ್ಕಮ್ಮನ ಮನೆಯಿಂದ ನಾಯಿ ಬಂತು. ಕಳ್ಳತನ ನಿಂತಿತು. "ನೋಡಿದ್ರಾ?" ಎಂದಳು ಮಗಳು. ಇನ್ನೊಂದು ವಾರ ಕಳ್ಳತನ ಆಗದಿದ್ದರೆ ಮೇಸ್ತ್ರಿಗೆ ಖಾಯಮ್ಮಾಗಿ ಕೆಲಸವಿಲ್ಲ ಎಂದೂ ಸಾರಿದಳು.

ಶಾರ್ಡನೇ ಕೊಯ್ದಾದ ಮೇಲೆ ತೋಟದಲ್ಲಿ ಉಳಿದದ್ದು ಮೂರು ಜಾತಿ. ಮೆರ್ಲೋ ಸಾಧು ಪ್ರಾಣಿ, ಕಾಯುತ್ತದೆ. ಕ್ಯಾಬರ್ನೇ ಸೋವಿನ್ಯೋ ದಪ್ಪ ಚರ್ಮದ ಸೋದರಮಾವ, ಯಾವ ಮಳೆಗೂ ಜಗ್ಗುವುದಿಲ್ಲ. ಪಿನೋ ನ್ವಾರ್ ಮಾತ್ರ ಹೊಸ ಅಳಿಯ. ತೆಳು ಚರ್ಮ, ಮೂಗಿನ ತುದಿಯಲ್ಲಿ ಕೋಪ. ಒಂದು ಮಳೆ ಬಿದ್ದರೆ ಒಡೆದು ಕೊಳೆಯುವುದೇ ಸೈ. ರೇಡಿಯೋ ಶನಿವಾರ ಮಳೆ ಎಂದಿತು.

ಅಪ್ಪ ದಿನಾ ಬೆಳಿಗ್ಗೆ ಪಿನೋ ಸಾಲಿಗೆ ಹೋದರು. ನೆಲ ನೋಡಿದರು. ಹಣ್ಣು ತಿಂದರು. "ಗೊತ್ತಾಗ್ತಿಲ್ಲ" ಎಂದರು. ಸೋಮವಾರವೂ ಅದೇ, ಮಂಗಳವಾರವೂ ಅದೇ. ಬುಧವಾರದ ಹೊತ್ತಿಗೆ ಬೇಲಿಯಾಚೆ ನೆರೆಯವರು ಕತ್ತರಿ ಹಿಡಿದು ಸಾಲಾಗಿ ನಿಂತಿದ್ದರು. "ನಾಲಿಗೆಗೆ ವಯಸ್ಸಾಯ್ತು ಕಣ್ರೀ" ಎಂದು ಒಬ್ಬ, ಎಲ್ಲರಿಗೂ ಕೇಳುವಷ್ಟು ಮೆಲ್ಲಗೆ, ಹೇಳಿದ.

ಮಗಳು ಕೊಳವೆ ತೋರಿಸಿದಳು. "ಸಕ್ಕರೆ ನೂರಕ್ಕೆ ಇಪ್ಪತ್ತಮೂರಿದೆ ಅಪ್ಪಾ."

"ಎಷ್ಟಿದೆ ಅಂತ ಅದು ಹೇಳತ್ತೆ. ಸಾಕಾ ಅಂತ ಹೇಳಲ್ಲ." ಅಪ್ಪ ಬೇಲಿಯಾಚೆಯ ಕತ್ತರಿಗಳ ಕಡೆ ನೋಡಿದರು. "ನಾಯೀನ ಇವತ್ತು ಸಂಜೆ ಚಿಕ್ಕಮ್ಮನ ಮನೆಗೆ ಕಳಿಸಮ್ಮ. ನಿನ್ನ ದಮ್ಮಯ್ಯ."

"ಕಳ್ಳ ಬರ್ತಾನೆ!"

"ಬರಲಿ."

ನಾಯಿ ಹೋಯಿತು. ಇವತ್ತು ಕೈಯಾರೆ ಹಿಡಿಯುತ್ತೇನೆಂದು ಮಗಳು ಗುರುವಾರ ಬೆಳಕು ಹರಿಯುವ ಮೊದಲೇ ಪಿನೋ ಸಾಲಿನ ತುದಿಯ ಪೀಪಾಯಿಯ ಹಿಂದೆ ನುಸುಳಿದಳು. ಅಲ್ಲಿ ಆಗಲೇ ಇಬ್ಬರು ಕುಕ್ಕುರುಗಾಲಲ್ಲಿ ಕುಳಿತಿದ್ದರು. ಒಬ್ಬ ಮೇಸ್ತ್ರಿ. ಇನ್ನೊಬ್ಬರು, ಕನ್ನಡಕ ಹಾಕಿಕೊಂಡ ಅಪ್ಪ.

"ಸಿಕ್ಕಿಬಿದ್ರಿ! ಇಬ್ಬರೂ ಸೇರಿ..."

"ಶ್! ಬಗ್ಗಿ ಅಮ್ಮಾವ್ರೇ" ಎಂದ ಮೇಸ್ತ್ರಿ. "ಅವರು ಬರೋ ಹೊತ್ತು. ಗಲಾಟೆ ಆದ್ರೆ ಊಟ ಬಿಟ್ಟು ಎದ್ದು ಹೋಗ್ತಾರೆ."

"ಯಾರು ಅವರು?"

"ನಾನು ಕೆಲಸಕ್ಕೆ ಸೇರಿದಾಗ ಈಗ ಬರೋರ ಮುತ್ತಜ್ಜಿ ಬರ್ತಿದ್ರು. ಆ ಮನೆತನದ ನಾಲಿಗೇನೇ ನಾಲಿಗೆ! ಹುಳಿ ಇದ್ರೆ ಒಂದೇ ಹಣ್ಣು, ಉಗುಳಿ ಹೊರಟುಹೋಗ್ತಾರೆ. ಹದ ಬಂದಿದ್ರೆ ಒಂಬತ್ತು ಗೊಂಚಲಿಗೆ ಕಮ್ಮಿ ಇಲ್ಲ."

ಅಪ್ಪ ಮಗಳ ಕಡೆ ತಿರುಗಲಿಲ್ಲ. "ನನಗೆ ಎಲ್ಲ ದ್ರಾಕ್ಷಿನೂ ಒಂದೇ ಥರ ಅನ್ಸತ್ತೆ ಕಣಮ್ಮ" ಎಂದು ಪಿಸುಗುಟ್ಟಿದರು. "ಮೊದಲಿಂದಲೂ."

ಬೇಲಿಯ ಕಿಂಡಿಯಿಂದ ನರಿಯೊಂದು ನುಸುಳಿ ಬಂತು, ಕೆಳಗಿನ ಹಣ್ಣೊಂದನ್ನು ಕಚ್ಚಿ ಒಂದು ಗಳಿಗೆ ಯೋಚಿಸಿತು, ಆಮೇಲೆ ಕುಳಿತು ಒಂಬತ್ತು ಗೊಂಚಲು ತಿಂದಿತು. ಪಿನೋ ನ್ವಾರ್ ಕೊಯ್ಲು ಶುಕ್ರವಾರ ಬೆಳಿಗ್ಗೆ ಆರಕ್ಕೆ ಶುರುವಾಯಿತು. ಮೇಸ್ತ್ರಿ ಸ್ಟೂಲಿನ ಮೇಲಿದ್ದ.