ಒಂಟಿ ಕೈಯ ಓದು

ಟ್ಯಾಬು ಸ್ಫೂರ್ತಿಯ ಕೈಯಿಂದ ಜಾರಿ ನೇರ ಪುಟ್ಟಿಯ ಹಣೆಯ ಮೇಲೆ ಬಿತ್ತು. ಏಟೇನೂ ಅಷ್ಟಾಗಿ ಆಗಿರಲಿಲ್ಲ. ಅಳು ಮಾತ್ರ ಅಜ್ಜಂಪುರದ ರೈಲ್ವೆ ಸ್ಟೇಷನ್ನಿನವರೆಗೂ ಕೇಳುವಂತಿತ್ತು. ಅಡುಗೆಮನೆಯಿಂದ ಅತ್ತೆ ಜಯಲಕ್ಷ್ಮಮ್ಮ ಸೌಟು ಹಿಡಿದುಕೊಂಡೇ ಓಡಿಬಂದರು.

"ಮಗೂನ ಎತ್ಕೋ, ಇಲ್ಲಾ ಅದನ್ನ ಎತ್ಕೋ. ಎರಡು ದೋಣಿ ಮೇಲೆ ಕಾಲಿಡಬ್ಯಾಡ."

ಸ್ಫೂರ್ತಿಗೆ ಎರಡೂ ಬೇಕಿತ್ತು. ಬರುವ ಭಾನುವಾರ ಕಡೂರಿನಲ್ಲಿ ಗ್ರಾಮ ಆಡಳಿತಾಧಿಕಾರಿ ಪರೀಕ್ಷೆ. ಇದು ತಪ್ಪಿದರೆ ಅವಳ ವಯಸ್ಸು ಮೀರಿತು, ಸರ್ಕಾರಿ ಕೆಲಸದ ಆಸೆಯೂ ಮುಗಿಯಿತು. ಪುಟ್ಟಿಗೋ ಅಮ್ಮನ ಎಡಗೈಯೇ ತೊಟ್ಟಿಲು, ಕೆಳಗಿಟ್ಟರೆ ರಂಪ. ದಪ್ಪ ಗೈಡನ್ನು ಒಂದೇ ಕೈಯಲ್ಲಿ ಬಿಡಿಸಿ ಹಿಡಿಯಲಾಗದೆ, ಗಂಡ ತೀರ್ಥೇಶನನ್ನು ಕಾಡಿ ಬೇಡಿ ಈ ಪುಟ್ಟ ಟ್ಯಾಬು ತರಿಸಿಕೊಂಡಿದ್ದಳು. ಈಗ ಅದೂ ಕೈಕೊಟ್ಟಿತೆಂದು ಅವಳಿಗೆ ಅಳುವೇ ಬಂತು.

ಅತ್ತು ಮುಗಿಸಿ, ಹಳೇ ಲಂಗದ ಎಲಾಸ್ಟಿಕ್ ಕತ್ತರಿಸಿ ಟ್ಯಾಬಿನ ಕವರಿನ ಹಿಂಬದಿಗೆ ಅಡ್ಡಲಾಗಿ ಹೊಲಿದಳು. ನಾಲ್ಕು ಬೆರಳು ಅದರೊಳಗೆ ತೂರಿಸಿದರೆ ಸಾಕು, ಟ್ಯಾಬು ಅಂಗೈಗೆ ಕಚ್ಚಿಕೊಂಡು ನಿಲ್ಲುತ್ತಿತ್ತು. ಪುಟ ಸರಿಸಲು ಹೆಬ್ಬೆರಳು ಬಿಡುವಾಗಿತ್ತು. ಎಡಗೈಯಲ್ಲಿ ಪುಟ್ಟಿ, ಬಲಗೈಯಲ್ಲಿ ಟ್ಯಾಬು ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತಾ ಅವಳು ಜಮೀನಿನ ಕಾನೂನು ಗಟ್ಟಿಯಾಗಿ ಓದುವುದು, ಪಹಣಿ, ಪೋಡಿ, ಖಾತೆ ಬದಲಾವಣೆ ಅನ್ನುವಷ್ಟರಲ್ಲಿ ಪುಟ್ಟಿ ನಿದ್ದೆ ಹೋಗುವುದು ಎರಡೇ ದಿನದಲ್ಲಿ ಅಭ್ಯಾಸವಾಯಿತು.

ಜೋಗುಳ ಕೇಳಬೇಕಾದ ಕೂಸಿಗೆ ಇವಳು ಅಮಲ್ದಾರರ ಕಚೇರಿ ಕೇಳಿಸುತ್ತಾಳಲ್ಲ ಎಂದು ಜಯಲಕ್ಷ್ಮಮ್ಮನಿಗೆ ಸಂಕಟ. ಹೆಣ್ಣಿಗೆ ಇಷ್ಟೊಂದು ಓದು ಯಾಕೆ ಬೇಕು, ತವರು ಗಟ್ಟಿಯಿದ್ದರೆ ಸಾಲದೆ ಅನ್ನುವುದು ಅವರ ವಾದ. ತಮ್ಮ ಅಣ್ಣ ಗಿರಿಯಪ್ಪನನ್ನೇ ನೋಡಲಿ: ಅಪ್ಪ ತೀರಿಕೊಂಡು ಎಷ್ಟೋ ಕಾಲವಾದರೂ, ಹಿರೇನಲ್ಲೂರಿನ ತೆಂಗಿನ ತೋಟದ ಖಾತೆ ಇನ್ನೂ ಅಪ್ಪನ ಹೆಸರಲ್ಲೇ ಇದ್ದರೂ, ಗೌರಿ ಹಬ್ಬ ಬಂತೆಂದರೆ ತಂಗಿಗೆ ಒಂದು ಮೂಟೆ ತೆಂಗಿನಕಾಯಿ ತಪ್ಪಿಸಿದವನಲ್ಲ. ಈ ಕಥೆಯನ್ನು ಅವರು ಹೇಳಿದಾಗಲೆಲ್ಲ ಸ್ಫೂರ್ತಿ ತಲೆಯಾಡಿಸಿ ಮುಂದಿನ ಪುಟಕ್ಕೆ ಹೋಗುತ್ತಿದ್ದಳು.

ಭಾನುವಾರ ಬೆಳಿಗ್ಗೆ ತೀರ್ಥೇಶ ಹೆಂಡತಿಯನ್ನು ಬೈಕಿನಲ್ಲಿ ಕೂರಿಸಿಕೊಂಡು ಕಡೂರಿಗೆ ಹೋದ. ಇತ್ತ ಪುಟ್ಟಿ ಶುರು ಮಾಡಿದಳು. ಜಯಲಕ್ಷ್ಮಮ್ಮ ಗೊತ್ತಿದ್ದ ಜೋಗುಳಗಳನ್ನೆಲ್ಲ ಹಾಡಿದರು, ಹೊಟ್ಟೆಗೆ ಇಂಗು ಹಚ್ಚಿದರು, ಕಾಗೆ ಗುಬ್ಬಿ ತೋರಿಸಿದರು. ಯಾವುದೂ ನಡೆಯಲಿಲ್ಲ. ಕೊನೆಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಗೂಡಿನಲ್ಲಿದ್ದ ಟ್ಯಾಬಿನ ಎಲಾಸ್ಟಿಕ್ಕಿಗೆ ಬೆರಳು ತೂರಿಸಿದರು. ಅವರದು ಏಳನೇ ಕ್ಲಾಸಿನವರೆಗಿನ ಓದು; ಅಕ್ಷರ ಕೂಡಿಸಿ ಕೂಡಿಸಿ ಓದತೊಡಗಿದರು. ಸ್ವಲ್ಪ ಹೊತ್ತಿಗೆ ಪುಟ್ಟಿ ಕಣ್ಣು ಮುಚ್ಚಿದಳು. ಅಜ್ಜಿಯ ಹೆಬ್ಬೆರಳು ಮಾತ್ರ ನಿಲ್ಲಲಿಲ್ಲ.

ಸಂಜೆ ಸ್ಫೂರ್ತಿ ಮರಳಿದಾಗ ಜಯಲಕ್ಷ್ಮಮ್ಮ ಜಗಲಿಯ ಮೇಲೆ ಕೂತಿದ್ದರು. ಎಡಗೈಯಲ್ಲಿ ಪುಟ್ಟಿ, ಬಲಗೈಯಲ್ಲಿ ಟ್ಯಾಬು. ಪರೀಕ್ಷೆ ಚೆನ್ನಾಗಿ ಆಯಿತೆಂದು ಹೇಳಲು ಸ್ಫೂರ್ತಿ ಬಾಯಿ ತೆರೆದಳು. ಅತ್ತೆಗೆ ಅದು ಬೇಕಿರಲಿಲ್ಲ.

"ಅಪ್ಪನ ಆಸ್ತೀಲಿ ಹೆಣ್ಮಕ್ಕಳಿಗೂ ಗಂಡುಮಕ್ಕಳಷ್ಟೇ ಪಾಲು ಅಂತ ಬರ್ದವ್ರಲ್ಲ, ಇದು ಪರೀಕ್ಷೆಗೆ ಮಾತ್ರಾನೋ, ನಿಜವಾಗ್ಲೂನೋ?"

"ನಿಜವಾಗ್ಲೂನೇ ಅತ್ತೆ."

"ಮದುವೆ ಆಗಿ ಹೋದೋರಿಗೂ?"

"ಅವ್ರಿಗೂ."

ಜಯಲಕ್ಷ್ಮಮ್ಮ ತಿರುಗಿ, ಪಡಸಾಲೆಯ ಮೂಲೆಯಲ್ಲಿದ್ದ, ಅಣ್ಣ ಹಬ್ಬಕ್ಕೆ ಕಳಿಸಿದ್ದ ತೆಂಗಿನಕಾಯಿ ಮೂಟೆಯನ್ನು ನೋಡಿದರು.

"ಹಂಗಾದ್ರೆ ನಮ್ಮಣ್ಣ ಇಷ್ಟು ವರ್ಷ ನಂಗೆ ಕಳ್ಸಿದ್ದು ನನ್ನ ಕಾಯೇ ಅನ್ನು."